ತನ್ನ ಹಾಡನ್ನೇ ಕದ್ದ ಆರೋಪ: ಜಾನ್ ಫೋಗರ್ಟಿ ಪ್ರಕರಣ

ಅಮೆರಿಕದ ರಾಕ್ ಗಾಯಕ ಜಾನ್ ಫೋಗರ್ಟಿ ಮೇಲೆ ಬಿದ್ದ ಕೇಸಿನ ಸಂಗತಿ ಕೇಳಿದರೆ ಮೊದಲು ನಗು ಬರುತ್ತದೆ. 1970ರಲ್ಲಿ ‘ರನ್ ಥ್ರೂ ದ ಜಂಗಲ್’ ಎಂಬ ಹಾಡು ಬರೆದವನು ಅವನೇ. 1984ರ ಕೊನೆಗೆ ‘ದಿ ಓಲ್ಡ್ ಮ್ಯಾನ್ ಡೌನ್ ದ ರೋಡ್’ ಬರೆದು ಹಾಡಿದವನೂ ಅವನೇ. ಎರಡನೆಯದು ಮೊದಲನೆಯದರ ನಕಲು, ಸಾಹಿತ್ಯ ಮಾತ್ರ ಬೇರೆ ಎಂದು ಕ್ಯಾಲಿಫೋರ್ನಿಯಾದ ಫ್ಯಾಂಟಸಿ ರೆಕಾರ್ಡ್ಸ್ ಕಂಪನಿ ಕೋರ್ಟಿಗೆ ಹೋಯಿತು. ತನ್ನ ಹಾಡನ್ನು ತಾನೇ ಕದ್ದ ಆರೋಪ!

ಆದರೆ ಕಾನೂನಿನ ಲೆಕ್ಕದಲ್ಲಿ ಇದು ತಮಾಷೆ ಅಲ್ಲ. ಮೊದಲ ಹಾಡಿನ ಹಕ್ಕು ಫೋಗರ್ಟಿ ಹತ್ತಿರ ಇರಲಿಲ್ಲ. ಬರೆದವನು ಅವನು, ಒಡೆಯ ಫ್ಯಾಂಟಸಿ. ಹಾಗಿದ್ದಾಗ ಬರೆದವನೂ ಕಳ್ಳನಾಗಬಹುದು.

ಈ ಕಥೆಯನ್ನು ಸಾಮಾನ್ಯವಾಗಿ ಬಡಪಾಯಿ ಕಲಾವಿದ ಮತ್ತು ದುಡ್ಡುಬಾಕ ಧಣಿಯ ಕಥೆಯಾಗಿ ಹೇಳುತ್ತಾರೆ. ಅದರಲ್ಲಿ ನಿಜ ಇದೆ, ಪೂರ್ತಿ ನಿಜ ಇಲ್ಲ. ನನಗೆ ಇದರಲ್ಲಿ ಕಾಣುವುದು ಬೇರೆ. ಸಂಗೀತದಲ್ಲಿ ಒಂದು ತಾಳವನ್ನೂ ಇನ್ನೊಬ್ಬರ ಕೈಗೆ ಬಿಡದ ಮನುಷ್ಯ, ಕಾಗದದ ಮೇಲೆ ಎಲ್ಲವನ್ನೂ ಬಿಟ್ಟುಕೊಟ್ಟಿದ್ದ. ಅವನ ಮುಂದಿನ ಐವತ್ತು ವರ್ಷ ಈ ಎರಡರ ನಡುವೆಯೇ ಕಳೆಯಿತು.

ಸಹಿ ಹಾಕಿದ ಕಾಗದ

ಫೋಗರ್ಟಿ ಹುಟ್ಟಿದ್ದು 1945ರಲ್ಲಿ, ಬರ್ಕ್ಲಿಯಲ್ಲಿ. ಬೆಳೆದದ್ದು ಪಕ್ಕದ ಎಲ್ ಸೆರಿಟೊ ಊರಲ್ಲಿ. ಶಾಲೆಯಲ್ಲಿದ್ದಾಗಲೇ ಸ್ಟು ಕುಕ್, ಡಗ್ ಕ್ಲಿಫರ್ಡ್ ಎಂಬ ಇಬ್ಬರು ಗೆಳೆಯರ ಜೊತೆ ತಂಡ ಕಟ್ಟಿದ. ಅಣ್ಣ ಟಾಮ್ ಆಮೇಲೆ ಬಂದು ಸೇರಿಕೊಂಡ. 1964ರಲ್ಲಿ ಇವರನ್ನು ಸೇರಿಸಿಕೊಂಡಿದ್ದು ಫ್ಯಾಂಟಸಿ. ಅದು ಜಾಝ್ ರೆಕಾರ್ಡುಗಳಿಗೆ ಹೆಸರಾಗಿದ್ದ ಸಣ್ಣ ಕಂಪನಿ. ಹುಡುಗರನ್ನು ಕೇಳದೆಯೇ ತಂಡಕ್ಕೆ ‘ಗಾಲಿವಾಗ್ಸ್’ ಎಂದು ಹೆಸರಿಟ್ಟಿತು. ಆ ಹೆಸರು ಯಾರಿಗೂ ಇಷ್ಟವಾಗಲಿಲ್ಲ, ರೆಕಾರ್ಡುಗಳೂ ಓಡಲಿಲ್ಲ. ಆರಂಭದಲ್ಲಿ ಟಾಮ್ ಮುಖ್ಯ ಗಾಯಕ. ನಿಧಾನವಾಗಿ ಆ ಜಾಗ ತಮ್ಮನಿಗೆ ಬಂತು. ತಮ್ಮನ ಗಂಟಲು ಹಾಗಿತ್ತು, ಅಣ್ಣನೂ ಅದನ್ನು ಒಪ್ಪಿಕೊಂಡ.

1967ರಲ್ಲಿ ಅದೇ ಕಂಪನಿಯಲ್ಲಿ ರೆಕಾರ್ಡು ಮಾರಾಟ ನೋಡಿಕೊಳ್ಳುತ್ತಿದ್ದ ಸಾಲ್ ಝೇಂಟ್ಸ್ ಕೆಲವು ಪಾಲುದಾರರನ್ನು ಕೂಡಿಸಿಕೊಂಡು ಕಂಪನಿಯನ್ನೇ ಕೊಂಡ. ಹೆಸರು ಬದಲಿಸಿಕೊಳ್ಳಿ, ಪೂರ್ತಿ ಆಲ್ಬಮ್ ಮಾಡಿ ಎಂದು ತಂಡಕ್ಕೆ ಹೇಳಿದವನು ಅವನೇ. ಹಾಗೆ ಹುಟ್ಟಿದ್ದು ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್, ಚಿಕ್ಕದಾಗಿ ಸಿಸಿಆರ್. ಹೊಸ ಒಪ್ಪಂದಕ್ಕೆ ಸಹಿ ಹಾಕಿದಾಗ ಜಾನ್‌ಗೆ 22 ವರ್ಷ.

ಆ ಕಾಗದದಲ್ಲಿ ಗಮನಿಸಬೇಕಾದ ಸಂಗತಿ ಮೂರು. ರೆಕಾರ್ಡ್ ಮಾಡಿದ ಟೇಪು, ಅಂದರೆ ಮಾಸ್ಟರ್, ಕಂಪನಿಯ ಸ್ವತ್ತು. ಆ ಕಾಲಕ್ಕೆ ಇದು ಎಲ್ಲರಿಗೂ ಇದ್ದ ಷರತ್ತು. ಎರಡನೆಯದು ಪಬ್ಲಿಷಿಂಗ್, ಅಂದರೆ ಹಾಡಿನ ಮೇಲಿನ ಹಕ್ಕು. ಅದೂ ಫ್ಯಾಂಟಸಿಗೆ ಸೇರಿದ ಪ್ರಕಾಶನ ಸಂಸ್ಥೆಗಳಿಗೆ ಹೋಯಿತು. ಮೂರನೆಯದು, ಪ್ರತಿ ವರ್ಷ ಇಷ್ಟು ಹಾಡು ರೆಕಾರ್ಡ್ ಮಾಡಿ ಕೊಡಬೇಕೆಂಬ ಬಾಕಿ. ಈ ವರ್ಷ ಕಮ್ಮಿ ಬಿದ್ದರೆ ಅದು ಮುಂದಿನ ವರ್ಷದ ಲೆಕ್ಕಕ್ಕೆ ಸೇರುತ್ತಿತ್ತು. ಸಾಲದ ಬಡ್ಡಿ ಹಾಗೆ, ಸುಮ್ನೆ ಕೂತರೂ ಬೆಳೆಯುತ್ತಿತ್ತು.

ಮಾಸ್ಟರ್ ಬೇರೆ, ಹಾಡು ಬೇರೆ ಎನ್ನುವುದು ಹೊರಗಿನವರಿಗೆ ತಲೆಬಿಸಿ ಅನ್ನಿಸಬಹುದು. ಒಂದು ಉದಾಹರಣೆ ನೋಡಿ. ಫೋಗರ್ಟಿಯ ‘ಪ್ರೌಡ್ ಮೇರಿ’ಯನ್ನು 1971ರಲ್ಲಿ ಐಕ್ ಮತ್ತು ಟೀನಾ ಟರ್ನರ್ ತಮ್ಮದೇ ಧಾಟಿಯಲ್ಲಿ ಹಾಡಿದರು, ಅದು ಅಮೆರಿಕದಲ್ಲಿ 4ನೇ ಸ್ಥಾನಕ್ಕೆ ಏರಿತು. ಆ ಧ್ವನಿಮುದ್ರಣ ಅವರ ಕಂಪನಿಯದು. ಆದರೆ ಹಾಡಿನ ಪಾಲು ಬರೆದವನಿಗೂ ಪ್ರಕಾಶಕರಿಗೂ ಹೋಗಬೇಕು. ಯಾರು ಹಾಡಿದರೂ, ಎಷ್ಟು ದಶಕ ಕಳೆದರೂ ಈ ದುಡ್ಡು ಬರುತ್ತಲೇ ಇರುತ್ತದೆ. ಜಾಹೀರಾತಿಗೆ, ಸಿನಿಮಾಕ್ಕೆ ಹಾಡು ಕೊಡಬೇಕೋ ಬೇಡವೋ ಎನ್ನುವ ತೀರ್ಮಾನವೂ ಪ್ರಕಾಶಕರದೇ. ಫೋಗರ್ಟಿಗೆ ಬರೆದವನ ಪಾಲು ಇತ್ತು. ಆ ತೀರ್ಮಾನ ಮಾಡುವ ಅಧಿಕಾರ ಇರಲಿಲ್ಲ. ಶ್ರೀಮಂತರ ಮಕ್ಕಳು ಯುದ್ಧಕ್ಕೆ ಹೋಗದೆ ತಪ್ಪಿಸಿಕೊಳ್ಳುವುದರ ಮೇಲೆ ಸಿಟ್ಟಿನಿಂದ ಬರೆದ ‘ಫಾರ್ಚುನೇಟ್ ಸನ್’ ಮುಂದೆ ಒಂದು ಜೀನ್ಸ್ ಜಾಹೀರಾತಿನಲ್ಲಿ ದೇಶಭಕ್ತಿ ಗೀತೆಯ ಥರ ಮೊಳಗಿತು. ಅವನು ಪತ್ರಿಕೆಯಲ್ಲಿ ಬೇಸರ ಹೇಳಿಕೊಂಡ. ಅದಕ್ಕಿಂತ ಜಾಸ್ತಿ ಮಾಡಲು ಅವನ ಕೈಯಲ್ಲಿ ಏನೂ ಇರಲಿಲ್ಲ.

ನಮ್ಮಲ್ಲಿ ಈ ಜಗಳ ಬೇರೆ ರೂಪದಲ್ಲಿ ನಡೆದಿದೆ. ಸಿನಿಮಾ ಹಾಡು ಬರೆದವರು, ರಾಗ ಹಾಕಿದವರು ಒಂದು ಸಲ ಸಂಭಾವನೆ ತೆಗೆದುಕೊಂಡರೆ ಮುಗಿಯಿತು ಎನ್ನುವುದೇ ದಶಕಗಳ ರೂಢಿ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ಬಂದ ತಿದ್ದುಪಡಿ ಇದನ್ನು ಬದಲಿಸಿತು. ಈಗ ಬರೆದವರು ಮತ್ತು ಸಂಯೋಜಕರು ಒಡೆತನ ಬಿಟ್ಟುಕೊಡಬಹುದು. ಆದರೆ ಚಿತ್ರಮಂದಿರದ ಆಚೆಗಿನ ಬಳಕೆಗೆ ಬರುವ ರಾಯಲ್ಟಿಯ ಪಾಲನ್ನು ತಮ್ಮ ವಾರಸುದಾರರಿಗೆ ಅಥವಾ ಕಾಪಿರೈಟ್ ಸಂಘಕ್ಕೆ ಬಿಟ್ಟು ಬೇರೆಯವರಿಗೆ ಬರೆದುಕೊಡುವಂತಿಲ್ಲ. ಅಂದರೆ ಸಹಿ ಹಾಕುವವನ ಅವಸರದಿಂದ ಕಾನೂನೇ ಅವನನ್ನು ಕಾಪಾಡುತ್ತದೆ. 22ರ ಫೋಗರ್ಟಿಗೆ ಅಂಥ ರಕ್ಷಣೆ ಇರಲಿಲ್ಲ.

ಒಬ್ಬನದೇ ಕಾರ್ಖಾನೆ

ಈಗ ಸಂಗೀತದ ಕಡೆ ಬರೋಣ. ಅದಿಲ್ಲದಿದ್ದರೆ ಈ ಕೇಸು ಯಾರಿಗೂ ಬೇಕಾಗುತ್ತಿರಲಿಲ್ಲ.

1968ರ ಸ್ಯಾನ್ ಫ್ರಾನ್ಸಿಸ್ಕೋ ಅಂದರೆ ಗಂಟೆಗಟ್ಟಲೆ ಎಳೆಯುವ ಗಿಟಾರ್, ಬಣ್ಣದ ದೀಪ, ಅಮಲು. ಅದೇ ಕೊಲ್ಲಿಯ ಆಚೆ ದಡದಲ್ಲಿದ್ದ ಸಿಸಿಆರ್ ತದ್ವಿರುದ್ಧ. ಹಳೆಯ ಬ್ಲೂಸ್, ಕಂಟ್ರಿ, ಗಾಸ್ಪೆಲ್, ಐವತ್ತರ ದಶಕದ ರಾಕ್ ಅಂಡ್ ರೋಲ್ ಎಲ್ಲವನ್ನೂ ಕೂಡಿಸಿ ಎರಡೂವರೆ ಮೂರು ನಿಮಿಷದ ಹಾಡು. ಇದನ್ನೇ ಮುಂದೆ ರೂಟ್ಸ್ ರಾಕ್ ಅಂದರು. ದಕ್ಷಿಣದ ಲೂಯಿಸಿಯಾನದ ಜೌಗು ನೆಲದ ಬಗ್ಗೆ ಅಷ್ಟೊಂದು ಬರೆದವನು, ಬರೆಯುವ ಹೊತ್ತಿಗೆ ಆ ಕಡೆ ಕಾಲಿಟ್ಟಿರಲಿಲ್ಲ. ಎಲ್ಲ ಕೇಳಿ, ಓದಿ, ಕಲ್ಪಿಸಿಕೊಂಡದ್ದು. ‘ಗ್ರೀನ್ ರಿವರ್’ ಹಿಂದಿರುವುದು ಚಿಕ್ಕಂದಿನಲ್ಲಿ ರಜೆಗೆ ಹೋಗುತ್ತಿದ್ದ ಉತ್ತರ ಕ್ಯಾಲಿಫೋರ್ನಿಯಾದ ಪೂಟಾ ಕ್ರೀಕ್ ಎಂಬ ಹಳ್ಳ.

1969ರಲ್ಲಿ ಒಂದೇ ವರ್ಷದಲ್ಲಿ ಮೂರು ಆಲ್ಬಮ್ ಬಂದವು: ‘ಬಾಯೂ ಕಂಟ್ರಿ’, ‘ಗ್ರೀನ್ ರಿವರ್’, ‘ವಿಲ್ಲಿ ಅಂಡ್ ದ ಪೂರ್ ಬಾಯ್ಸ್’. ಮರುವರ್ಷ ಇನ್ನೆರಡು. ಮೂಲ ಹಾಡುಗಳನ್ನು ಬಹುಪಾಲು ಬರೆದವನು, ಹಾಡಿದವನು, ಮುಖ್ಯ ಗಿಟಾರ್ ನುಡಿಸಿದವನು, ಪ್ರೊಡ್ಯೂಸ್ ಮಾಡಿದವನು, ಅಂದರೆ ರೆಕಾರ್ಡಿಂಗ್ ಹೇಗಿರಬೇಕೆಂದು ತೀರ್ಮಾನಿಸಿ ನಡೆಸಿದವನು, ಒಬ್ಬನೇ. ತಮಾಷೆ ಏನೆಂದರೆ, ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅವರ ಐದು ಸಿಂಗಲ್‌ಗಳು, ಅಂದರೆ ಬಿಡಿಯಾಗಿ ಬಂದ ರೆಕಾರ್ಡುಗಳು, 2ನೇ ಸ್ಥಾನ ಮುಟ್ಟಿದವು, 1ನೇ ಸ್ಥಾನಕ್ಕೆ ಒಂದೂ ಹೋಗಲಿಲ್ಲ.

ಪ್ರೊಡ್ಯೂಸರ್ ಆಗಿ ಅವನ ಪದ್ಧತಿ ಸರಳ ಮತ್ತು ಕಠಿಣ. ತಾಲೀಮು ದಿನಾ ಆಗಬೇಕು. ಬರ್ಕ್ಲಿಯ ಗೋದಾಮೊಂದರಲ್ಲಿ ತಾಲೀಮು ನಡೆಯುತ್ತಿತ್ತು, ಅದನ್ನು ಕಾಸ್ಮೋನ ಕಾರ್ಖಾನೆ ಎನ್ನುತ್ತಿದ್ದರು. ‘ಕಾಸ್ಮೋ’ ಅಂದರೆ ಡ್ರಮ್ಮರ್ ಕ್ಲಿಫರ್ಡ್‌ನ ಅಡ್ಡಹೆಸರು. ಆ ಜಾಗದ ಹೆಸರೇ 1970ರ ‘ಕಾಸ್ಮೋಸ್ ಫ್ಯಾಕ್ಟರಿ’ ಆಲ್ಬಮ್ಮಿಗೆ ಬಂದದ್ದು. ಹಾಡು ಅಲ್ಲಿ ಪೂರ್ತಿ ಪಳಗಿದ ಮೇಲೆಯೇ ಸ್ಟುಡಿಯೋ. ಸ್ಟುಡಿಯೋದಲ್ಲಿ ನಾಲ್ವರೂ ಕೂಡಿ ವಾದ್ಯ ನುಡಿಸುತ್ತಿದ್ದರು. ಅದರ ಮೇಲೆ ತನ್ನ ಗಾಯನ, ಹೆಚ್ಚಿನ ಗಿಟಾರ್ ಎಲ್ಲ ಜಾನ್ ಒಬ್ಬನೇ ಸೇರಿಸುತ್ತಿದ್ದ. ‘ಪ್ರೌಡ್ ಮೇರಿ’ಯ ಹಿನ್ನೆಲೆ ದನಿಗೂ ಉಳಿದವರನ್ನು ಬಿಡಲಿಲ್ಲ. ಅವರು ಹಾಡಿದ್ದು ಅವನ ಕಿವಿಗೆ ಒಪ್ಪಲಿಲ್ಲ, ತಾನೇ ಹಾಡಿ ಪದರ ಪದರವಾಗಿ ಕೂರಿಸಿದ. ಜಗಳ ಶುರುವಾದದ್ದು ಅಲ್ಲೇ. ಇವತ್ತು ಕೇಳಿದರೆ ಜಾನ್ ಹೇಳಿದ್ದೇ ಸರಿ ಅನ್ನಿಸುತ್ತದೆ. ಆದರೆ ಹತ್ತು ವರ್ಷ ಜೊತೆಗಿದ್ದ ಗೆಳೆಯರಿಗೆ ಅದನ್ನು ನುಂಗಿಕೊಳ್ಳುವುದು ಸುಲಭವಲ್ಲ, ಅಲ್ವಾ?

ಮ್ಯಾನೇಜರ್ ಕೆಲಸವನ್ನೂ ಅವನೇ ವಹಿಸಿಕೊಂಡಿದ್ದ. ನನ್ನ ಪ್ರಕಾರ ದೊಡ್ಡ ತಪ್ಪು ಇದೇ. ದುಡ್ಡಿನ ವ್ಯವಹಾರ ತಿಳಿದವರನ್ನು ಇಟ್ಟುಕೊಳ್ಳೋಣ ಎಂಬುದು ಉಳಿದವರ ಆಸೆ. ಫ್ಯಾಂಟಸಿ ಜೊತೆಗಿನ ಮಾತುಕತೆಯನ್ನೂ ಅವನೇ ನಡೆಸಿದ. ಹೆಸರು ಬಂದ ಮೇಲೆ ಹಳೆ ಒಪ್ಪಂದ ಹರಿದುಹಾಕಿ ಒಳ್ಳೆಯದು ಮಾಡಿಕೊಡುತ್ತೇನೆಂದು ಝೇಂಟ್ಸ್ ಬಾಯಿಮಾತಿನಲ್ಲಿ ಹೇಳಿದ್ದ ಎನ್ನುವುದು ಫೋಗರ್ಟಿಯ ಆರೋಪ. ಬಾಯಿಮಾತು ಕಾಗದಕ್ಕೆ ಬರಲಿಲ್ಲ. ಅಷ್ಟರಲ್ಲಿ ಬರ್ಕ್ಲಿಯಲ್ಲಿ ಫ್ಯಾಂಟಸಿಗೆ ದೊಡ್ಡ ಹೊಸ ಕಟ್ಟಡ ಎದ್ದಿತು. ಜನ ಅದನ್ನು ಕ್ರೀಡೆನ್ಸ್ ಕಟ್ಟಿಸಿದ ಮನೆ ಎಂದೇ ಕರೆದರು. ಮುಂದೆ ಝೇಂಟ್ಸ್ ಸಿನಿಮಾ ನಿರ್ಮಾಪಕನಾಗಿ ಆಸ್ಕರ್‌ಗಳನ್ನೂ ಗೆದ್ದ.

1971ರ ಆರಂಭದಲ್ಲಿ ಟಾಮ್ ತಂಡ ಬಿಟ್ಟ. 1972ರ ‘ಮಾರ್ಡಿ ಗ್ರಾ’ ಆಲ್ಬಮ್ಮಿಗೆ ಉಳಿದ ಮೂವರೂ ಹಾಡು ಬರೆದು, ಹಾಡಿದರು. ನೀವೇ ಕೇಳಿದಿರಿ, ಕೊಟ್ಟೆ ಎನ್ನುವುದು ಜಾನ್ ವಾದ. ನಾವು ಸೋಲಲಿ ಎಂದೇ ತಲೆಗೆ ಕಟ್ಟಿದ ಎನ್ನುವುದು ಕುಕ್ ಮತ್ತು ಕ್ಲಿಫರ್ಡ್ ವಾದ. ವಿಮರ್ಶಕರು ಆಲ್ಬಮ್ಮನ್ನು ತರಾಟೆಗೆ ತೆಗೆದುಕೊಂಡರು. ಅದೇ ಅಕ್ಟೋಬರಿನಲ್ಲಿ ತಂಡ ಮುರಿಯಿತು.

ಬಿಡುಗಡೆಯ ಬೆಲೆ

ತಂಡ ಹೋಯಿತು, ಬಾಕಿ ಹೋಗಲಿಲ್ಲ. ಕೊಡಬೇಕಾದ ಹಾಡುಗಳ ಲೆಕ್ಕ ಜಾನ್ ತಲೆ ಮೇಲೆ ಹಾಗೇ ಇತ್ತು. 1973ರಲ್ಲಿ ‘ಬ್ಲೂ ರಿಡ್ಜ್ ರೇಂಜರ್ಸ್’ ಹೆಸರಿನಲ್ಲಿ ಹಳೆಯ ಕಂಟ್ರಿ ಮತ್ತು ಗಾಸ್ಪೆಲ್ ಹಾಡುಗಳ ಆಲ್ಬಮ್ ತಂದ. ಹೆಸರು ತಂಡದ್ದು, ಎಲ್ಲ ವಾದ್ಯ ನುಡಿಸಿದವನು ಇವನೊಬ್ಬನೇ. ಆಮೇಲೆ ಫ್ಯಾಂಟಸಿಗೆ ಇನ್ನು ಹಾಡುವುದಿಲ್ಲ ಎಂದು ಕೂತ. ಅಸೈಲಂ ಕಂಪನಿ ಅಮೆರಿಕದ ಮಟ್ಟಿಗೆ ಅವನ ಹಕ್ಕು ಕೊಂಡು 1975ರಲ್ಲಿ ಒಂದು ಆಲ್ಬಮ್ ತಂದಿತು. ಅದರಲ್ಲಿದ್ದ ‘ರಾಕಿನ್ ಆಲ್ ಓವರ್ ದ ವರ್ಲ್ಡ್’ ಅವನ ಕೈಯಲ್ಲಿ ಅಷ್ಟು ಓಡಲಿಲ್ಲ. ಸ್ಟೇಟಸ್ ಕೋ ಎಂಬ ಬ್ರಿಟಿಷ್ ತಂಡ ಅದನ್ನು ಮನೆಮಾತಾಗಿಸಿತು, 1985ರ ಲೈವ್ ಏಡ್ ಎಂಬ ದೊಡ್ಡ ಸಹಾಯಾರ್ಥ ಕಛೇರಿ ಲಂಡನ್ನಿನ ವೆಂಬ್ಲಿಯಲ್ಲಿ ಶುರುವಾದದ್ದು ಅದೇ ಹಾಡಿನಿಂದ. 1976ರ ‘ಹೂಡೂ’ ಆಲ್ಬಮ್ ಬಿಡುಗಡೆಗೆ ಮುಂಚೆಯೇ ನಿಂತುಹೋಯಿತು.

ಇದರ ನಡುವೆ ಇನ್ನೊಂದು ಪೆಟ್ಟು. ತೆರಿಗೆ ಉಳಿಸುವ ಯೋಜನೆ ಎಂದು ತಂಡದ ದುಡ್ಡನ್ನು ಬಹಾಮಾಸ್‌ನ ಕಾಸಲ್ ಬ್ಯಾಂಕಿನಲ್ಲಿ ಇಡಲಾಗಿತ್ತು. 1977ರಲ್ಲಿ ಬ್ಯಾಂಕು ಮುಳುಗಿತು, ದುಡ್ಡೂ ಮುಳುಗಿತು.

1980ರಲ್ಲಿ ಫೋಗರ್ಟಿ ಒಂದು ತೀರ್ಮಾನಕ್ಕೆ ಬಂದ. ಸಿಸಿಆರ್ ರೆಕಾರ್ಡುಗಳಿಂದ ಗಾಯಕನಾಗಿ ತನಗೆ ಬರಬೇಕಾದ ರಾಯಲ್ಟಿಯನ್ನು ಫ್ಯಾಂಟಸಿಗೆ ಬಿಟ್ಟುಕೊಟ್ಟ. ಬದಲಿಗೆ ಒಪ್ಪಂದದಿಂದ ಬಿಡುಗಡೆ ಪಡೆದ. ಇದು ಹುಚ್ಚುತನ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇಡೀ ಕಥೆಯಲ್ಲಿ ಅವನು ಕಣ್ಣುಬಿಟ್ಟು, ಬೆಲೆ ಗೊತ್ತಿದ್ದೂ ಮಾಡಿದ ಮೊದಲ ವ್ಯವಹಾರ ಇದೇ. ಬರೆದ ಪ್ರತಿ ಹಾಡೂ ದ್ವೇಷಿಸುವವನ ಜೇಬಿಗೆ ಹೋಗುತ್ತದೆ ಎಂದರೆ ಬರೆಯುವ ಕೈ ಏಳುವುದಾದರೂ ಹೇಗೆ?

1985ರ ಜನವರಿಯಲ್ಲಿ ವಾರ್ನರ್ ಬ್ರದರ್ಸ್ ಮೂಲಕ ‘ಸೆಂಟರ್‌ಫೀಲ್ಡ್’ ಬಂತು. ಮತ್ತೆ ಎಲ್ಲ ವಾದ್ಯ, ಎಲ್ಲ ದನಿ, ಪ್ರೊಡಕ್ಷನ್ ಅವನದೇ. ಮಾರ್ಚ್ ಹೊತ್ತಿಗೆ ಆಲ್ಬಮ್ ಪಟ್ಟಿಯ 1ನೇ ಸ್ಥಾನದಲ್ಲಿತ್ತು.

ಸಾಕ್ಷಿ ಹೇಳಿದ ಗಿಟಾರ್

ಆ ಆಲ್ಬಮ್ಮಿನಲ್ಲೇ ಎರಡು ಕೇಸುಗಳಿದ್ದವು. ಒಂದನ್ನು ಅವನೇ ಕರೆದು ತಂದುಕೊಂಡ. ದುಡ್ಡು ಕದಿಯುವ ಹಂದಿಯ ಮೇಲೆ ಬರೆದ ಹಾಡಿಗೆ ‘ಝಾಂಟ್ಸ್ ಕಾಂಟ್ ಡಾನ್ಸ್’ ಎಂದು ಹೆಸರಿಟ್ಟ. ಯಾರ ಹೆಸರು ಎಂದು ಕೂಸಿಗೂ ಗೊತ್ತಾಗುತ್ತಿತ್ತು. ಝೇಂಟ್ಸ್ ಮಾನನಷ್ಟದ ಕೇಸು ಹಾಕಿದ, 14.4 ಕೋಟಿ ಡಾಲರ್ ಕೇಳಿದ. ಆಲ್ಬಮ್ಮಿನ ಮುಂದಿನ ಪ್ರತಿಗಳಲ್ಲಿ ಮೊದಲ ಅಕ್ಷರ ಬದಲಾಗಿ ‘ವಾಂಟ್ಸ್’ ಆಯಿತು. ಕೊನೆಗೆ ಕೋರ್ಟಿನ ಹೊರಗೆ ರಾಜಿ ಆಯಿತು. ಈ ಕೇಸಿನಲ್ಲಿ ನನ್ನ ಸಹಾನುಭೂತಿ ಫೋಗರ್ಟಿ ಕಡೆ ಇಲ್ಲ.

ಇನ್ನೊಂದು ಕೇಸೇ ನಕಲಿನ ಆರೋಪ. 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕೋರ್ಟಿನಲ್ಲಿ ಜೂರಿ ಎದುರು ವಿಚಾರಣೆ ನಡೆಯಿತು. ನಾನು ಹಳೆಯ ಹಾಡು ಕೇಳಿಯೇ ಇರಲಿಲ್ಲ ಎಂದು ಫೋಗರ್ಟಿ ಹೇಳುವಂತಿರಲಿಲ್ಲ. ಬರೆದವನೇ ಅವನು! ಹಾಗಾಗಿ ಉಳಿದದ್ದು ಒಂದೇ ದಾರಿ. ಎರಡೂ ಹಾಡು ಒಂದೇ ಕೈಯಿಂದ ಬಂದಿವೆ, ಅದಕ್ಕೇ ಹೋಲುತ್ತವೆ, ಆದರೆ ಒಂದೇ ಹಾಡಲ್ಲ ಎಂದು ತೋರಿಸಬೇಕು. ಸಾಕ್ಷಿ ಕಟ್ಟೆಗೆ ಗಿಟಾರ್ ತೆಗೆದುಕೊಂಡು ಹೋದ. ತನ್ನ ಚಾಲು ಎಂಥದ್ದು, ಹಳೆಯ ಬ್ಲೂಸ್‌ನಿಂದ ಏನು ಬಂತು, ಒಂದು ಹಾಡು ಹೇಗೆ ಕಟ್ಟುತ್ತಾನೆ ಎಂದು ನುಡಿಸಿ ತೋರಿಸಿದ. ಕಾಪಿರೈಟ್ ಕಾಯುವುದು ಒಂದು ಹಾಡಿನ ರೂಪವನ್ನು. ಶೈಲಿಗೆ ಕಾಪಿರೈಟ್ ಇಲ್ಲ. ಜೂರಿ ಅವನ ಪರವಾಗಿ ತೀರ್ಪು ಕೊಟ್ಟಿತು.

ಫ್ಯಾಂಟಸಿ ಗೆದ್ದಿದ್ದರೆ ಏನಾಗುತ್ತಿತ್ತು? ಹಕ್ಕು ಮಾರಿದ ಪ್ರತಿ ಸಂಗೀತಗಾರನೂ ತನ್ನ ಬೆರಳಿನ ರೂಢಿಗೇ ಹೆದರಬೇಕಿತ್ತು.

ಗೆದ್ದರೂ ವಕೀಲರ ಖರ್ಚು ಹತ್ತು ಲಕ್ಷ ಡಾಲರ್ ದಾಟಿತ್ತು. ಅದನ್ನು ಫ್ಯಾಂಟಸಿ ಕೊಡಲಿ ಎಂದು ಕೇಳಿದಾಗ ಕೆಳ ಕೋರ್ಟುಗಳು ಒಪ್ಪಲಿಲ್ಲ. ಆ ಭಾಗದ ಕೋರ್ಟುಗಳಲ್ಲಿ ಎರಡು ಅಳತೆಗೋಲು ಇತ್ತು. ಕೇಸು ಹಾಕಿದ ಹಕ್ಕುದಾರ ಗೆದ್ದರೆ ಸಾಮಾನ್ಯವಾಗಿ ಖರ್ಚು ಸಿಗುತ್ತಿತ್ತು. ಆರೋಪ ಹೊತ್ತವನು ಗೆದ್ದರೆ, ಕೇಸು ಹುರುಳಿಲ್ಲದ್ದು ಅಥವಾ ದುರುದ್ದೇಶದ್ದು ಎಂದು ತೋರಿಸಿದರೆ ಮಾತ್ರ. ಫೋಗರ್ಟಿ ಇದನ್ನು ಸುಪ್ರೀಂ ಕೋರ್ಟ್ ತನಕ ಒಯ್ದ. 1994ರ ಮಾರ್ಚ್ 1ರಂದು ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಬರೆದ ತೀರ್ಪು ಬಂತು: ಇಬ್ಬರಿಗೂ ಒಂದೇ ಅಳತೆ. ಗೆದ್ದವರಿಗೆಲ್ಲ ತಾನಾಗಿ ಖರ್ಚು ಸಿಗಬೇಕೆಂಬ ಅವನ ಇನ್ನೊಂದು ವಾದವನ್ನು ಕೋರ್ಟ್ ಒಪ್ಪಲಿಲ್ಲ. ಅದನ್ನು ಕೆಳ ಕೋರ್ಟಿನ ವಿವೇಚನೆಗೆ ಬಿಟ್ಟಿತು. ಸರಿಯಾಗಿ ಸಮರ್ಥಿಸಿಕೊಂಡ ಆರೋಪಿಯೂ ಕಾಪಿರೈಟಿನ ಗಡಿ ಎಲ್ಲಿದೆ ಎಂದು ಸ್ಪಷ್ಟ ಮಾಡಿ ಸಮಾಜಕ್ಕೆ ಉಪಕಾರ ಮಾಡುತ್ತಾನೆ ಎನ್ನುವುದು ಅದರ ತಿರುಳು. ಕೇಸು ಹಿಂದಕ್ಕೆ ಹೋಗಿ, ಕೊನೆಗೆ 13,47,519 ಡಾಲರ್ ಅವನಿಗೆ ಸಿಕ್ಕಿತು. ಇವತ್ತಿಗೂ ಅಮೆರಿಕದ ಕಾಪಿರೈಟ್ ಕೇಸುಗಳಲ್ಲಿ ವಕೀಲರ ಖರ್ಚಿನ ಮಾತು ಬಂದರೆ ‘ಫೋಗರ್ಟಿ ವಿರುದ್ಧ ಫ್ಯಾಂಟಸಿ’ ಹೆಸರು ಬರುತ್ತದೆ.

ಹಾಡದೇ ಉಳಿದ ವರ್ಷಗಳು

ತಂಡ ಮುರಿದ ಮೇಲೆ ವರ್ಷಗಟ್ಟಲೆ ಅವನು ಸಿಸಿಆರ್ ಹಾಡುಗಳನ್ನು ವೇದಿಕೆಯಲ್ಲಿ ಹೆಚ್ಚುಕಮ್ಮಿ ಮುಟ್ಟಲೇ ಇಲ್ಲ. ‘ಸೆಂಟರ್‌ಫೀಲ್ಡ್’ ನಂತರದ ಪ್ರವಾಸದಲ್ಲೂ ಹಾಡಲಿಲ್ಲ, ಜನ ನಿರಾಶರಾದರು. ಕಾನೂನು ತಡೆದಿರಲಿಲ್ಲ, ಇದು ಅವನೇ ಹಾಕಿಕೊಂಡ ಶಿಕ್ಷೆ. 1987ರ ಫೆಬ್ರುವರಿಯಲ್ಲಿ ಲಾಸ್ ಏಂಜಲೀಸ್‌ನ ಪಾಲೊಮಿನೊ ಕ್ಲಬ್ಬಿನಲ್ಲಿ ಬಾಬ್ ಡಿಲನ್, ಜಾರ್ಜ್ ಹ್ಯಾರಿಸನ್ ಜೊತೆಗಿದ್ದಾಗ ಡಿಲನ್ ಕೆಣಕಿದ: ನೀನು ಹಾಡದಿದ್ದರೆ ‘ಪ್ರೌಡ್ ಮೇರಿ’ ಟೀನಾ ಟರ್ನರ್ ಹಾಡು ಅಂದುಕೊಳ್ಳುತ್ತಾರೆ. ಅಂದು ಹಾಡಿದ. ಅದೇ ಜುಲೈ 4ರಂದು ವಿಯೆಟ್ನಾಂ ಯುದ್ಧದಿಂದ ಮರಳಿದವರಿಗಾಗಿ ನಡೆದ ಕಛೇರಿಯಲ್ಲಿ ಮತ್ತೆ ಹಾಡಿದ.

ಅಣ್ಣನ ಜೊತೆಗಿನ ಮುನಿಸು ಮಾತ್ರ ಬಗೆಹರಿಯಲಿಲ್ಲ. ಟಾಮ್ ತನ್ನ ಸ್ವಂತ ಆಲ್ಬಮ್‌ಗಳನ್ನು ಫ್ಯಾಂಟಸಿಗೇ ಮಾಡಿದ್ದ, ಝೇಂಟ್ಸ್‌ನನ್ನು ಗೆಳೆಯ ಎನ್ನುತ್ತಿದ್ದ. 1990ರಲ್ಲಿ ಟಾಮ್ ತೀರಿಕೊಂಡ. 1993ರಲ್ಲಿ ತಂಡಕ್ಕೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಿತು. ಕುಕ್ ಮತ್ತು ಕ್ಲಿಫರ್ಡ್ ಸಭೆಯಲ್ಲೇ ಇದ್ದರು. ಜಾನ್ ಅವರ ಜೊತೆ ನುಡಿಸಲು ಒಪ್ಪಲಿಲ್ಲ, ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮತ್ತು ರಾಬಿ ರಾಬರ್ಟ್‌ಸನ್ ಜೊತೆ ಹಾಡಿದ. ಸ್ಟುಡಿಯೋದಲ್ಲಿ ಯಾವ ಹಟ ಅಷ್ಟು ಒಳ್ಳೆಯ ಹಾಡು ಕೊಟ್ಟಿತೋ, ಅದೇ ಹಟ ಅಂದು ಸಣ್ಣತನವಾಗಿ ಕಂಡಿತು. ಕಾಗದದ ಮೇಲಿನ ಸಹಿಗೆ ಶಾಲೆಯ ಗೆಳೆಯರು ಎಷ್ಟು ಹೊಣೆ, ಅವನು ಎಷ್ಟು ಹೊಣೆ?

ಸಂಗೀತ ಮಾತ್ರ ಕೈಬಿಡಲಿಲ್ಲ. ವರ್ಷಗಟ್ಟಲೆ ತಿದ್ದಿ ತೀಡಿದ ‘ಬ್ಲೂ ಮೂನ್ ಸ್ವಾಂಪ್’ 1997ರಲ್ಲಿ ಬಂತು, ಅತ್ಯುತ್ತಮ ರಾಕ್ ಆಲ್ಬಮ್ ಎಂದು ಗ್ರ್ಯಾಮಿ ಪಡೆಯಿತು.

2004ರಲ್ಲಿ ಫ್ಯಾಂಟಸಿಯನ್ನು ಕಾನ್ಕಾರ್ಡ್ ಕಂಪನಿ ಕೊಂಡಿತು. ಹೊಸ ಮಾಲೀಕರು 1980ರಲ್ಲಿ ಬಿಟ್ಟುಕೊಟ್ಟಿದ್ದ ರಾಯಲ್ಟಿಯನ್ನು ಮತ್ತೆ ಕೊಡಲು ಒಪ್ಪಿದರು. ಫೋಗರ್ಟಿ ಅದೇ ಫ್ಯಾಂಟಸಿ ಹೆಸರಿನಡಿ ಮತ್ತೆ ಆಲ್ಬಮ್ ತಂದ. ಝೇಂಟ್ಸ್ 2014ರ ಜನವರಿಯಲ್ಲಿ ತೀರಿಕೊಂಡ.

ಹಾಡುಗಳ ಮೇಲಿನ ಹಕ್ಕು ಬಂದದ್ದು 2023ರ ಜನವರಿಯಲ್ಲಿ. ಸಿಸಿಆರ್ ಹಾಡುಗಳ ಪಬ್ಲಿಷಿಂಗ್‌ನ ಬಹುಪಾಲನ್ನು ಅವನು ಕಾನ್ಕಾರ್ಡ್‌ನಿಂದ ಕೊಂಡ. ಕಂಪನಿಯ ಒಳ್ಳೆಯ ಮನಸ್ಸೊಂದೇ ಇದಕ್ಕೆ ಕಾರಣ ಎಂದು ನಾನು ನಂಬುವುದಿಲ್ಲ. 1978ಕ್ಕೆ ಮುಂಚಿನ ಹಾಡುಗಳ ಅಮೆರಿಕದ ಹಕ್ಕನ್ನು, ಮೊದಲೇ ನೋಟಿಸ್ ಕೊಟ್ಟು, 56 ವರ್ಷದ ನಂತರ ಮರಳಿ ಪಡೆಯಲು ಅಲ್ಲಿನ ಕಾನೂನು ಬರೆದವರಿಗೆ ಅವಕಾಶ ಕೊಡುತ್ತದೆ. 1968ರ ಹಾಡುಗಳಿಗೆ ಆ ಗಡುವು ಹತ್ತಿರ ಬಂದಿತ್ತು. ಕಾದರೆ ಅಮೆರಿಕದ ಮಟ್ಟಿಗೆ ಹೇಗೂ ಕೈಬಿಡುವ ಸ್ವತ್ತು. ಈಗಲೇ ಮಾರುವುದು ವ್ಯಾಪಾರಕ್ಕೂ ಜಾಣತನ.

ಮಾಸ್ಟರ್‌ಗಳು ಮಾತ್ರ ಇನ್ನೂ ಕಾನ್ಕಾರ್ಡ್ ಹತ್ತಿರವೇ ಇವೆ. 2025ರ ಆಗಸ್ಟಿನಲ್ಲಿ, 80 ತುಂಬಿದ ಫೋಗರ್ಟಿ ಹಳೆಯ ಹಾಡುಗಳನ್ನು ಮಕ್ಕಳಾದ ಶೇನ್ ಮತ್ತು ಟೈಲರ್ ಜೊತೆ ಹೊಸದಾಗಿ ರೆಕಾರ್ಡ್ ಮಾಡಿ ‘ಲೆಗಸಿ’ ಎಂಬ ಆಲ್ಬಮ್ ತಂದ. ಪ್ರತಿ ಹಾಡಿನ ಮುಂದೆ ‘ಜಾನ್ಸ್ ವರ್ಷನ್’ ಎಂದಿದೆ. ಆಲ್ಬಮ್ ಹೊರತಂದದ್ದೂ ಕಾನ್ಕಾರ್ಡೇ.